ಮಾಮಿ ಕೇಳಿದ ಗೆಲ್ಲು

ಮೊನ್ನೆ ಮಣ್ಣಗುಡ್ಡದ ಬಟ್ಟೆ ಅಂಗಡಿಯೊಂದರಲ್ಲಿ ಅರ್ಧ ಗಂಟೆ ಏಸಿಯಲ್ಲಿ ಕೂತು, ಇಪ್ಪತ್ತು ಸೀರೆ ಬಿಚ್ಚಿಸಿ, ಒಂದನ್ನೂ ತೆಗೆದುಕೊಳ್ಳದೆ ಹೊರಗೆ ಬಂದೆ. ಬಾಗಿಲು ದಾಟಿದ್ದೇ ತಡ, ಕನ್ನಡಕಕ್ಕೆ ಹಬೆ ಹಿಡಿಯಿತು. ಮಂಗಳೂರಿನಲ್ಲಿ ಕನ್ನಡಕ ಹಾಕುವವರಿಗೆಲ್ಲ ಇದು ಗೊತ್ತಿರುವ ಕಷ್ಟ. ಎದುರಿನ ರಸ್ತೆ, ರಿಕ್ಷಾ, ಎಳನೀರಿನ ಗಾಡಿ ಯಾವುದೂ ಕಾಣುವುದಿಲ್ಲ. ಮೆಟ್ಟಿಲಿನ ಮೇಲೆ ಹಾಗೇ ನಿಂತುಕೊಂಡೆ. ಹಿಂದಿನಿಂದ ಬಂದವರೊಬ್ಬರು ಸ್ವಲ್ಪ ದಾರಿ ಬಿಡಿ ಮೇಡಂ ಎಂದರು. ಬೇರೆ ದಿನವಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಅವತ್ತು ಬರಲಿಲ್ಲ, ಯಾಕೆಂದರೆ ಆ ಅರ್ಧ ನಿಮಿಷ ನಾನು ಅಲ್ಲಿರಲೇ ಇಲ್ಲ. ಎಲ್ಲಿಯೋ ದೂರದೂರಿನ ಗಾಜಿನ ಮನೆಯ ಬಾಗಿಲಲ್ಲಿ, ಮಾಮಿಯ ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದೆ.

ಮಾಮಿ ಎಂದರೆ ನನ್ನ ಅತ್ತೆ, ಗಂಡನ ತಾಯಿ. ತುಳು ಮಾತಾಡುವ ನಾವು ಅತ್ತೆಯನ್ನು ಕರೆಯುವುದೇ ಹಾಗೆ. ನಾವಿಬ್ಬರೂ ಆಡಿದ ಮಾತೆಲ್ಲ ತುಳುವಿನಲ್ಲೇ ಇದ್ದದ್ದು. ನಿಮಗೆ ಬೇಕಾಗಿ ಅದನ್ನು ಕನ್ನಡಕ್ಕೆ ತಂದಿದ್ದೇನೆ. ದಾರಿಯಲ್ಲಿ ಅರ್ಧ ರುಚಿ ಹೋಗಿದ್ದರೆ ತಪ್ಪು ನನ್ನದು, ಮಾಮಿಯದ್ದಲ್ಲ.

ನನ್ನ ಗಂಡ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದ ಕಾಲ ಅದು. ನಾನು ಇಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮೇ ತಿಂಗಳ ರಜೆ ಬಂತೆಂದರೆ ಅತ್ತೆ ಸೊಸೆ ಇಬ್ಬರೂ ಎಲ್ಲಿಗಾದರೂ ಹೊರಡುತ್ತಿದ್ದೆವು. ಪ್ರವಾಸಕ್ಕೆ ಜೊತೆ ಬೇಕಾದರೆ ಅತ್ತೆಯೇ ಸಿಕ್ಕಿದಳಾ ನಿನಗೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ಅವರಿಗೇನು ಗೊತ್ತು? ನಮ್ಮ ಮಾಮಿಗೆ ದೇವಸ್ಥಾನದ ಕ್ಯೂ ಬೇಡ, ಸೀರೆ ಅಂಗಡಿ ಬೇಡ, ಬೀಚಂತೂ ಬೇಡವೇ ಬೇಡ. ಸಮುದ್ರ ನಮ್ಮೂರಲ್ಲೇ ಉಂಟಲ್ಲ. ಅವರಿಗೆ ಬೇಕಾದದ್ದು ಒಂದೇ. ಯಾವ ಊರಿಗೆ ಹೋದರೂ ರೂಮಿನಲ್ಲಿ ಬ್ಯಾಗ್ ಇಟ್ಟು ಮುಖ ತೊಳೆದ ಕೂಡಲೇ ಕೇಳುತ್ತಿದ್ದರು: "ಇಲ್ಲಿ ಗಿಡದ ತೋಟ ಎಲ್ಲಿ ಉಂಟು?"

ಸಸ್ಯೋದ್ಯಾನ ಎಂದು ನಾನು ತಿದ್ದುತ್ತಿದ್ದೆ, ಮೇಷ್ಟ್ರಗಿರಿ ಬಿಡಬೇಕಲ್ಲ. ಅವರು ತಲೆಯಾಡಿಸಿ ಮತ್ತೆ ಗಿಡದ ತೋಟ ಎಂದೇ ಹೇಳುತ್ತಿದ್ದರು.

ಅವರ ಕೈಚೀಲದಲ್ಲಿ ಯಾವತ್ತೂ ಎರಡು ವಸ್ತು ಇರುತ್ತಿದ್ದವು, ಒಂದು ಹಳೆಯ ಬೈರಾಸಿನ, ಅಂದರೆ ಟವಲಿನ, ಹರಿದ ತುಂಡು, ಒಂದು ಪ್ಲಾಸ್ಟಿಕ್ ಚೀಲ. ಗೆಲ್ಲು ಸಿಕ್ಕಿದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಊರಿಗೆ ತರಲಿಕ್ಕೆ. ಗೆಲ್ಲು ಎಂದರೆ ನಮ್ಮ ಕಡೆ ಗಿಡದ ಕೊಂಬೆ, ರೆಂಬೆ, ನೆಡಲಿಕ್ಕೆ ಮುರಿದುಕೊಳ್ಳುವ ಕಡ್ಡಿ. ಘಟ್ಟ ಹತ್ತಿದ ಮೇಲೆ ಅದೇ ಶಬ್ದದ ಅರ್ಥ ಬೇರೆ ಆಗುತ್ತದೆ ಎಂಬುದು ನಮಗೆ ತಿಳಿದದ್ದು ಒಮ್ಮೆ ಆಗಸ್ಟಿನ ರಜೆಗೆ ಹೋದ ಬೆಂಗಳೂರಿನಲ್ಲಿ, ಗಾಜಿನ ಮನೆಯೊಳಗೆ ನಡೆದ ಒಂದು ಪುಷ್ಪ ಪ್ರದರ್ಶನದಲ್ಲಿ.

ಆ ನೂಕುನುಗ್ಗಲಿನಲ್ಲಿ ಎಲ್ಲರೂ ಹೂವಿನ ಆನೆಯ ಎದುರು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಮಾಮಿ ಮಾತ್ರ ಒಂದು ಮೂಲೆಯ ದಾಸವಾಳದ ಕುಂಡಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಕೊನೆಗೆ ಅಲ್ಲಿದ್ದ ಮಾಲಿಯ ಹತ್ತಿರ ಹೋಗಿ, ತಮಗೆ ಬರುವ ಪುಸ್ತಕದ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ ಕೇಳಿದರು: "ಅಣ್ಣಾ, ನನಗೆ ಒಂದು ಗೆಲ್ಲು ಬೇಕಿತ್ತು."

ಅವನು ಇವರನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಗೆಲ್ಬೇಕಿತ್ತಮ್ಮಾ? ಕಾಂಪಿಟೇಶನ್ ನಿನ್ನೇನೇ ಮುಗೀತಲ್ಲ."

"ಕಾಂಪಿಟೇಶನ್ ಎಂತಕ್ಕೆ? ಇಷ್ಟುದ್ದ ಒಂದು ಗೆಲ್ಲು ಸಾಕು," ಎಂದು ಮಾಮಿ ಗೇಣು ತೋರಿಸಿದರು.

ಪಾಪ, ಅವನು ನಿಜವಾಗಿಯೂ ಮರುಗಿದ. ಮುಂದಿನ ವರ್ಷ ಅರ್ಜಿ ಹಾಕಿ, ನಿಮ್ಮಂಥ ವಯಸ್ಸಾದವರಿಗೆ ಸಮಾಧಾನಕರ ಬಹುಮಾನವಾದರೂ ಬರುತ್ತೆ ಎಂದು ಧೈರ್ಯ ಹೇಳಿದ. ನಾನು ನಗು ತಡೆಯಲಾಗದೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಬಿಡಿಸಿ ಹೇಳಿದೆ. ಕೊಂಬೆಯಾ, ಕೊಂಬೆ ಮುರಿಯೋಕೆ ಬಿಡಲ್ಲ ಎಂದು ಅವನ ಮುಖ ಗಂಟಾಯಿತು. ಊರಿಗೆ ಬರುವ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವವರೆಗೂ ಮಾಮಿ ಮಾತಾಡಲಿಲ್ಲ. ನಾನು ನಕ್ಕದ್ದಕ್ಕೆ ಸಿಟ್ಟು ಎಂದುಕೊಂಡೆ. ಅದಲ್ಲ, ಅಲ್ಲಿದ್ದ ಅಷ್ಟು ದಾಸವಾಳಗಳಲ್ಲಿ ಅವರದ್ದು ಇರಲಿಲ್ಲ.

ಅವರದ್ದು ಎಂದರೆ ಬೊಂಬಾಯಿ ದಾಸವಾಳ. ಪಡೀಲಿನ ಅವರ ತವರುಮನೆಯಲ್ಲಿ ಬಾವಿಕಟ್ಟೆಯ ಪಕ್ಕ ಇದ್ದ ಗಿಡ. ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅವರ ಅಪ್ಪ ಯಾವುದೋ ಒಂದು ಮಳೆಗಾಲದ ಮೊದಲು ಹಡಗಿನಲ್ಲಿ ಬರುವಾಗ ತಂದದ್ದಂತೆ. ಹಾಲಿಗೆ ಒಂದು ಚಿಟಿಕೆ ಕುಂಕುಮ ಬಿದ್ದ ಬಣ್ಣ, ಎಸಳಿನ ಅಂಚು ಸುಕ್ಕು ಸುಕ್ಕು, ಹೂ ಮೇಲೆ ನೋಡುವುದಿಲ್ಲ, ನೆಲ ನೋಡುತ್ತದೆ. ಬೇರೆಲ್ಲ ದಾಸವಾಳ ಸಂಜೆಗೆ ಮುದುಡಿದರೆ ಇದು ಮರುದಿನ ಮಧ್ಯಾಹ್ನದವರೆಗೆ ನಿಲ್ಲುತ್ತಿತ್ತು ಎಂದು ಮಾಮಿ ಹೇಳುತ್ತಿದ್ದರು. ಮದುವೆಯಾಗಿ ಮಣ್ಣಗುಡ್ಡಕ್ಕೆ ಬರುವಾಗ ಅವರು ಅದರ ಒಂದು ಗೆಲ್ಲು ತಂದು ಅಂಗಳದಲ್ಲಿ ನೆಟ್ಟಿದ್ದರು. ಆಮೇಲೆ ಪಡೀಲಿನ ತಾಯಿಗಿಡ ರಸ್ತೆ ಅಗಲ ಮಾಡುವಾಗ ಹೋಯಿತು. ಇವರ ಗಿಡಕ್ಕೆ ಒಂದು ವರ್ಷ ಬಿಳಿ ಹಿಟ್ಟಿನಂಥ ಹುಳ ಹಿಡಿದು, ಬುಡದಿಂದಲೇ ಒಣಗಿತು. ನಾನು ಆ ಮನೆಗೆ ಸೊಸೆಯಾಗಿ ಬರುವಷ್ಟರಲ್ಲಿ ಅದಿದ್ದ ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು.

ಆ ಗಿಡದ ಒಂದು ಗೆಲ್ಲು ಸಿಕ್ಕಬೇಕು, ಅದನ್ನು ಸುರತ್ಕಲ್ಲಿನ ತಂಗಿ ವಾರಿಜಳಿಗೆ ಕೊಡಬೇಕು. ಮಾಮಿಯ ಪ್ರವಾಸಗಳ ಗುಟ್ಟು ಇಷ್ಟೇ. ತಂಗಿಗೆ ಆ ಹೂವಿನ ಮೇಲೆ ಅಷ್ಟು ಆಸೆಯಾ ಎಂದು ಕೇಳಿದರೆ ಆಸೆ ಇತ್ತು ಎನ್ನುತ್ತಿದ್ದರು, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ನಾನು ಕೂಡ ಹೆಚ್ಚು ಕೇಳಲಿಲ್ಲ ಅನ್ನಿ. ನನಗೆ ದಾಸವಾಳವೆಂದರೆ ಹತ್ತನೇ ಕ್ಲಾಸಿನ ಪಾಠ. ಮೂವತ್ತು ವರ್ಷಗಳಲ್ಲಿ ಅದೆಷ್ಟು ದಾಸವಾಳಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಇದು ಕೇಸರ, ಇದು ಶಲಾಕೆ, ಇದು ಅಂಡಾಶಯ ಎಂದು ತೋರಿಸಿದ್ದೇನೋ ಲೆಕ್ಕವಿಲ್ಲ. ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ನನ್ನ ಕೈಯಿಂದ ಒಂದು ದಾಸವಾಳವನ್ನೂ ನೆಲಕ್ಕೆ ಊರಿದವಳಲ್ಲ. ಮಾಮಿ ಆಗಾಗ ನನಗೆ ಕೊಯ್ಯುವ ಟೀಚರ್ ಎಂದು ಹೇಳಿ ಹೆಂಗಸರ ಎದುರು ಮಾನ ತೆಗೆಯುತ್ತಿದ್ದರು.

ಊಟಿಗೆ ಹೋದೆವು. ಅಲ್ಲಿ ಚಳಿಗೆ ದಾಸವಾಳ ಎಲ್ಲಿಂದ ಬರಬೇಕು? ಗಾಜಿನ ಮನೆಯೊಳಗೆ ಮುಳ್ಳುಕಳ್ಳಿಗಳನ್ನು ಸಾಲಾಗಿ ಇಟ್ಟದ್ದು ನೋಡಿ, ಇದನ್ನೆಲ್ಲ ಸಾಕುವುದಾ ಎಂದು ಮಾಮಿ ಕನಿಕರಪಟ್ಟರು. ಮುಂಬಯಿಗೆ ಹೋದೆವು. ಅಲ್ಲಿನ ಒಂದು ಹಳೆಯ ತೋಟದಲ್ಲಿ, ಗಿಡ ಬಂದದ್ದೇ ಇಲ್ಲಿಂದ ಅಲ್ಲವಾ ಎಂಬ ಭರವಸೆಯಲ್ಲಿ, ಅವರು ನನ್ನ ಕೈಲಿ ಹಿಂದಿಯಲ್ಲಿ ಕೇಳಿಸಿದರು: ಬೊಂಬಾಯಿ ದಾಸವಾಳ ಎಲ್ಲಿದೆ? ಮಾಲಿ ಕೈಯನ್ನು ಸುತ್ತ ಬೀಸಿ, ಇಲ್ಲಿರುವುದೆಲ್ಲ ಬೊಂಬಾಯಿಯದ್ದೇ ಎಂದ. ಅವನದ್ದೂ ತಪ್ಪಲ್ಲ. ನಾವು ಮಂಗಳೂರಿನಲ್ಲಿ ಮಂಗಳೂರು ಹಂಚು ಎನ್ನುತ್ತೇವಾ? ಹಂಚು ಎನ್ನುತ್ತೇವೆ.

ಒಂದು ಸಂಗತಿ ನನಗೆ ಆಗ ವಿಚಿತ್ರವಾಗಿ ಕಾಣುತ್ತಿತ್ತು. ಕದ್ದು ತಂದ ಗಿಡ ಚೆನ್ನಾಗಿ ಹಿಡಿಯುತ್ತದೆ ಎಂದು ನಮ್ಮೂರಿನ ಹೆಂಗಸರಿಗೆಲ್ಲ ನಂಬಿಕೆ. ಮದುವೆ ಮನೆಗೆ ಹೋದರೂ ಬರುವಾಗ ಸೆರಗಿನಡಿಯಲ್ಲಿ ಏನಾದರೂ ಒಂದು ಕಡ್ಡಿ ಇರುತ್ತದೆ. ಮಾಮಿ ಮಾತ್ರ ಯಾರೂ ಇಲ್ಲದ ಮೂಲೆಯಲ್ಲೂ ಎಲೆ ಮುಟ್ಟುತ್ತಿರಲಿಲ್ಲ. ಹುಡುಕಿಕೊಂಡು ಹೋಗಿ ಮಾಲಿಯನ್ನು ಕೇಳುತ್ತಿದ್ದರು, ಬೈಸಿಕೊಳ್ಳುತ್ತಿದ್ದರು, ಬರಿಗೈಯಲ್ಲಿ ಬರುತ್ತಿದ್ದರು. ನನಗೋ ನಾಚಿಕೆ. ನಾನು ನಾಲ್ಕು ಹೆಜ್ಜೆ ದೂರ ನಿಂತು, ಈ ಅಜ್ಜಿ ಯಾರೋ ಎಂಬಂತೆ ಲ್ಯಾಟಿನ್ ಹೆಸರಿನ ಬೋರ್ಡು ಓದುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನನ್ನ ಮಗಳು ನರ್ಸ್ ಆಗಿ ಸ್ಕಾಟ್ಲೆಂಡಿಗೆ ಹೋದದ್ದು ಇದಾಗಿ ಎಷ್ಟೋ ವರ್ಷಕ್ಕೆ. ಅಜ್ಜಿಯನ್ನು ಕರೆದುಕೊಂಡು ಬಾ, ಇಲ್ಲಿ ದೊಡ್ಡ ಗ್ಲಾಸ್ ಹೌಸ್ ಉಂಟು ಎಂದು ಅವಳು ಹೇಳಿದ್ದೇ ಸಾಕಾಯಿತು. ಎಪ್ಪತ್ತೇಳು ವರ್ಷದ ಮಾಮಿ, ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಶಾಲು, ತಲೆಗೆ ಉಣ್ಣೆಯ ಟೊಪ್ಪಿ, ಕಾಲಿಗೆ ಮೊಮ್ಮಗಳ ಶೂ ಹಾಕಿಕೊಂಡು ವಿಮಾನ ಹತ್ತಿದರು. ಅಲ್ಲಿ ಮೊದಲ ಮೂರು ದಿನ ಚಳಿಗೆ ಮುದುಡಿ ಹಾಸಿಗೆಯಲ್ಲೇ ಇದ್ದರು. ನಾಲ್ಕನೇ ದಿನ ಮಗಳು ಡ್ಯೂಟಿಗೆ ಹೋದ ಮೇಲೆ ನಾವಿಬ್ಬರೇ ತೋಟಕ್ಕೆ ಹೋದೆವು.

ಗಾಜಿನ ಮನೆಯ ಎರಡನೇ ಬಾಗಿಲು ತೆಗೆದ ಕೂಡಲೇ ನನ್ನ ಕನ್ನಡಕಕ್ಕೆ ಹಬೆ ಹಿಡಿಯಿತು. ಒದ್ದೆ ಮಣ್ಣಿನ ವಾಸನೆ, ಬೆನ್ನಲ್ಲಿ ಇಳಿಯುವ ಬೆವರು, ಉಸಿರು ಕಟ್ಟುವ ಸೆಖೆ. ಅಯ್ಯೋ ದೇವರೇ, ಟಿಕೆಟು ತೆಗೆದುಕೊಂಡು ಒಳಗೆ ಬಂದು ನೋಡಿದರೆ ನಮ್ಮೂರಿನ ಜೂನ್ ತಿಂಗಳು! ಕೆಸುವಿನ ಎಲೆಗೆ ಒಂದು ಬೋರ್ಡು, ಅರಸಿನದ ಗಿಡಕ್ಕೆ ಒಂದು ಬೋರ್ಡು. ಒಂದು ಬಾಳೆಗಿಡದ ಸುತ್ತ ಹತ್ತು ಹನ್ನೆರಡು ಬಿಳಿಯರು ನಿಂತು ಗೊನೆಯನ್ನು ಬೆರಗಿನಿಂದ ನೋಡುತ್ತಿದ್ದರು. ಎಲ್ಲರೂ ಉಸ್ಸೆಂದು ಕೋಟು ಬಿಚ್ಚುತ್ತಿದ್ದರೆ ಮಾಮಿ ಟೊಪ್ಪಿ ತೆಗೆದು, ಬೆಂಚಿನ ಮೇಲೆ ಕೂತು, ನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕರು. ಈಗ ಜೀವ ಬಂತು ನೋಡು ಎಂದರು.

ಆಮೇಲೆ ಎದ್ದು ಹೋಗಿ ದಾಸವಾಳದ ಸಾಲು ನೋಡಿ ಬಂದರು. ಕೆಂಪು ಉಂಟು, ಹಳದಿ ಉಂಟು, ತಟ್ಟೆಯಷ್ಟು ಅಗಲದ್ದು ಉಂಟು, ಅವರದ್ದು ಇಲ್ಲ. ಮತ್ತೆ ಬಂದು ನನ್ನ ಪಕ್ಕ ಕೂತರು. ನಾನು ಬೇಸರ ಕಳೆಯಲಿಕ್ಕೆ, ಇರಲಿ ಬಿಡಿ ಮಾಮಿ, ವಾರಿಜ ಚಿಕ್ಕಮ್ಮನಿಗೆ ಅದರ ನೆನಪಾದರೂ ಉಂಟಾ ಎಂದೆ. ಅವರು ಮೇಲಿನ ಗಾಜಿನಿಂದ ಹನಿ ಬೀಳುವುದನ್ನೇ ನೋಡುತ್ತಾ ಹೇಳಿದರು:

"ಅವಳು ಮೂರು ಸಲ ಕೇಳಿದ್ದಳು. ಮೂರು ಸಲವೂ ಕೊಟ್ಟೆ. ಒದ್ದೆ ಬಟ್ಟೆ ಸುತ್ತಿ ತರ್ತೇನೆ ಅಂತ ಒಳಗೆ ಹೋಗಿ, ಬಚ್ಚಲಿನ ಹಂಡೆಯ ಕುದಿಯುವ ನೀರಿಗೆ ಅದ್ದಿ ಕೊಟ್ಟೆ."

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಕುದಿನೀರಿಗೆ ಅದ್ದಿದ ಗೆಲ್ಲು ನೋಡಲಿಕ್ಕೆ ಎರಡು ದಿನ ಹಸಿರಾಗಿಯೇ ಇರುತ್ತದೆ, ಚಿಗುರುವುದು ಮಾತ್ರ ಇಲ್ಲ. ಮಾಮಿ ಉಳಿದದ್ದನ್ನೂ ಹೇಳಿದರು. ತಂಗಿ ಎಸ್ಸೆಸ್ಸೆಲ್ಸಿ ಪಾಸಾದವಳು, ಪೋಸ್ಟಾಫೀಸಿನಲ್ಲಿ ಕೆಲಸ ಸಿಕ್ಕಿದವಳು, ಅಮ್ಮನ ಮುದ್ದಿನವಳು, ನಾಲ್ಕು ಜನರ ಎದುರು ಚಂದ ಮಾತಾಡುವವಳು. ಪಡೀಲಿನ ಗಿಡ ಹೋದ ಮೇಲೆ, ಅವಳಲ್ಲಿ ಇಲ್ಲದ್ದು ಇವರಲ್ಲಿ ಇದ್ದದ್ದು ಆ ಹೂವೊಂದೇ. ಇದೊಂದು ನನಗೇ ಇರಲಿ ಅಂತ ಕಂಡಿತು ಎಂದರು. ಮೂರನೆಯ ಗೆಲ್ಲೂ ಸತ್ತಾಗ ತಂಗಿ ಬಂದು, ಅಕ್ಕ, ನನ್ನ ಕೈಗುಣವೇ ಸರಿ ಇಲ್ಲ ಎಂದಳಂತೆ. ಹೌದಾ ಎಂದು ಇವರು ಸುಮ್ಮನಿದ್ದರಂತೆ. ಮರುವರ್ಷವೇ ಇವರ ಗಿಡಕ್ಕೆ ಹುಳ ಬಂತು.

"ಒಂದು ಸರಿಯಾದ ಗೆಲ್ಲು ಕೊಟ್ಟಿದ್ದರೆ ಸುರತ್ಕಲ್ಲಿನಲ್ಲಿ ಅದು ಇರ್ತಿತ್ತು," ಎಂದರು. "ನಾನೇ ಕೊಂದದ್ದು, ಅವಳ ಕೈಗೆ ದೂರು ಹೊರಿಸಿ."

ಹಾಗಾದರೆ ಹೋಗಿ ಹೇಳಿಬಿಡಿ ಎಂದೆ. ಬರಿಗೈಯಲ್ಲಿ ಹೇಗೆ ಹೇಳುವುದು, ಜೀವ ಇರುವ ಗೆಲ್ಲೊಂದು ಕೈಯಲ್ಲಿ ಹಿಡಿದುಕೊಂಡೇ ಹೇಳಬೇಕು ಎಂದರು. ನಾನು ಟೀಚರು, ಮಕ್ಕಳ ಸಬೂಬು ಕೇಳಿ ಕೇಳಿ ಹಣ್ಣಾದವಳು. ಸಿಕ್ಕದ ಗಿಡ ಹುಡುಕುತ್ತಾ ಇದ್ದರೆ ಹೇಳುವ ದಿನ ಬರುವುದೇ ಇಲ್ಲ, ಅದಕ್ಕೇ ಅಲ್ಲವಾ ನೀವು ತಿರುಗುವುದು ಎಂದು ಬಾಯಿ ತುದಿಗೆ ಬಂದದ್ದನ್ನು ಆಡಿಯೇಬಿಟ್ಟೆ. ಸೊಸೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಅಷ್ಟು ಒರಟಾಗಿ ನಾನು ಅವರಿಗೆ ಏನನ್ನೂ ಹೇಳಿದ್ದಿಲ್ಲ. ಮಾಮಿ ಟೊಪ್ಪಿ ಹಾಕಿಕೊಂಡು ಎದ್ದರು. ಅವತ್ತು ಅವರು ಯಾವ ಮಾಲಿಯನ್ನೂ ಗೆಲ್ಲು ಕೇಳಲಿಲ್ಲ.

ಊರಿಗೆ ಬಂದು ಜೆಟ್ ಲ್ಯಾಗ್ ಇಳಿಯುವ ಮೊದಲೇ, ಒಂದು ಬೆಳಿಗ್ಗೆ ಸೀರೆ ಉಟ್ಟು ನಿಂತು, ಸುರತ್ಕಲ್ಲಿಗೆ ಹೋಗುವ ಎಂದರು. ಬಸ್ಸಿನಲ್ಲಿ ಕೂಳೂರು ಹೊಳೆಯ ಸಂಕ ದಾಟುವಾಗ ನನ್ನ ಕೈ ಹಿಡಿದುಕೊಂಡರು.

ವಾರಿಜ ಚಿಕ್ಕಮ್ಮನ ಮನೆಯ ಅಂಗಳಕ್ಕೆ ಗೇಟಿನಿಂದ ಮೆಟ್ಟಿಲಿನವರೆಗೆ ಇಂಟರ್‌ಲಾಕ್ ಕಲ್ಲು ಹಾಸಿತ್ತು. ನಾನು ಎಷ್ಟೋ ಸಲ ಹೋಗಿ ಅದರ ಮೇಲೆ ಚಪ್ಪಲಿ ಬಿಟ್ಟವಳು. ಎಷ್ಟು ನೀಟಾಗಿ ಇಟ್ಟಿದ್ದಾರಪ್ಪಾ ಎಂದು ಮೆಚ್ಚಿದವಳು. ಒಂದು ಗಿಡವಿಲ್ಲ ಎಂಬುದು ಕಣ್ಣಿಗೆ ಬಿದ್ದದ್ದು ಅವತ್ತೇ. ಮೂಲೆಯ ಕಟ್ಟೆಯಲ್ಲಿ ಒಂದು ತುಳಸಿ ಮಾತ್ರ ಇತ್ತು.

ಮಾಮಿ ನೀರನ್ನೂ ಕುಡಿಯದೆ ಹೇಳಿದರು. ಮನೆಯ ಮುಂದಿನ ಚಾವಡಿಯಲ್ಲಿ ನಿಂತುಕೊಂಡೇ, ಹಂಡೆಯಿಂದ ಹಿಡಿದು ಹುಳದವರೆಗೆ, ಒಂದೂ ಬಿಡದೆ. ಚಿಕ್ಕಮ್ಮ ಕೇಳುತ್ತಾ ಕೇಳುತ್ತಾ ತಮ್ಮ ಎರಡು ಅಂಗೈಯನ್ನೂ ಮಡಿಲಲ್ಲಿ ತಿರುಗಿಸಿ ಇಟ್ಟುಕೊಂಡು ನೋಡುತ್ತಿದ್ದರು.

"ಮೂರು ಸಲವೂ?"

"ಮೂರು ಸಲವೂ."

"ಆ ತುಳಸಿ ಉಂಟಲ್ಲ ಅಕ್ಕ," ಎಂದರು ಚಿಕ್ಕಮ್ಮ. "ಅದನ್ನು ಕೂಡ ಪಕ್ಕದ ಮನೆಯವರ ಕೈಯಲ್ಲಿ ನೆಡಿಸಿದ್ದು. ನಾನು ನೆಟ್ಟರೆ ಸಾಯ್ತದೆ ಅಂತ ನಲವತ್ತು ವರ್ಷ ಒಂದು ಕೊತ್ತಂಬರಿ ಬೀಜ ಹಾಕ್ಲಿಲ್ಲ ನಾನು."

ಮತ್ತೆ ಒಳಗೆ ಹೋದವರು ಹೊರಗೆ ಬರಲಿಲ್ಲ. ನಾವು ಸ್ವಲ್ಪ ಹೊತ್ತು ಕಾದು, ಗೇಟು ಹಾಕಿಕೊಂಡು ಬಂದೆವು. ಹೇಳಿಸಿದವಳು ನಾನು. ಇಬ್ಬರು ಮುದುಕಿಯರು ನೆಮ್ಮದಿಯಾಗಿ ಇದ್ದದ್ದನ್ನು ಕೆಡಿಸಿ, ಟೀಚರಿಕೆ ಮಾಡಲು ಹೋದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಪ್ರತಿ ಭಾನುವಾರ ಬರುತ್ತಿದ್ದ ಚಿಕ್ಕಮ್ಮನ ಫೋನು ನಿಂತಿತು. ಮಾಮಿ ಭಾನುವಾರ ಬೆಳಿಗ್ಗೆ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚುವುದು, ಹೆಚ್ಚಿ ಮುಗಿದರೂ ಅಲ್ಲೇ ಕೂತಿರುವುದು. ಹೀಗೆ ಐದು ಭಾನುವಾರ ಹೋಯಿತು.

ಆರನೇ ಭಾನುವಾರ ಫೋನಿಲ್ಲ, ಬಾಗಿಲಿನ ಬೆಲ್ ಆಯಿತು. ಚಿಕ್ಕಮ್ಮ. ಹಳೆಯ ಮನೆ ಹೋಗಿ ಅದೇ ಜಾಗದಲ್ಲಿ ಎದ್ದ ನಮ್ಮ ಫ್ಲಾಟಿಗೆ ಲಿಫ್ಟ್ ಹತ್ತದೆ ಮೂರು ಮಾಳಿಗೆ ನಡೆದು ಬಂದು ಏದುಸಿರು ಬಿಡುತ್ತಿದ್ದರು. ನನ್ನನ್ನೂ ಮಾಮಿಯನ್ನೂ ದಾಟಿ ನೇರ ಬಾಲ್ಕನಿಗೆ ಹೋದರು. ಅಲ್ಲಿ ಮಾಮಿಯ ಕುಂಡಗಳಲ್ಲಿ ಏನೂ ವಿಶೇಷದ್ದಿರಲಿಲ್ಲ. ಬಸಳೆ, ಸಾಂಬ್ರಾಣಿ ಎಂದು ನಾವು ಕರೆಯುವ ದೊಡ್ಡಪತ್ರೆ, ಯಾರ ಮನೆಯಲ್ಲೂ ಇರುವ ಕೆಂಪು ದಾಸವಾಳ.

"ಒಂದು ಗೆಲ್ಲು ಕೊಡು," ಎಂದರು. "ಇದರದ್ದೇ ಸಾಕು. ಇಲ್ಲೇ, ನಾನು ನೋಡ್ತಾ ಇರುವಾಗ ಕೊಯ್ದು ಕೊಡು. ನೀನು ಒಳಗೆ ಹೋಗ್ಲಿಕ್ಕಿಲ್ಲ."

ಮಾಮಿ ಚೂರಿ ಹಿಡಿದರು. ಮೊದಲ ಸಲ ಎಲೆ ಮಾತ್ರ ತುಂಡಾಯಿತು. ಚಿಕ್ಕಮ್ಮ ಸಹಾಯ ಮಾಡಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ. ಎರಡನೆಯ ಸಲ ಗೇಣುದ್ದದ ಗೆಲ್ಲು ಕೈಗೆ ಬಂತು. ಚಿಕ್ಕಮ್ಮ ಅದನ್ನು ತೆಗೆದುಕೊಂಡು ಕೊಯ್ದ ಬದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಬಟ್ಟೆಯನ್ನೂ ಸುತ್ತದೆ ಹಾಗೇ ಹಿಡಿದುಕೊಂಡು ಹೋದರು. ಕಾಫಿ ಕೂಡ ಕುಡಿಯಲಿಲ್ಲ. ಅವರು ಹೋದ ಮೇಲೆ ಮಾಮಿ ಬಾಲ್ಕನಿಯಲ್ಲೇ ಕೂತು ಮನಸ್ಸು ಬಿಚ್ಚಿ ಅತ್ತರು. ನಾನು ತಡೆಯಲಿಲ್ಲ, ನಾನೂ ಅತ್ತೆ.

ಸುರತ್ಕಲ್ಲಿನ ಅಂಗಳದಲ್ಲಿ ನಾಲ್ಕು ಇಂಟರ್‌ಲಾಕ್ ಕಲ್ಲು ಎದ್ದವು. ಮೂರು ವಾರದ ನಂತರದ ಭಾನುವಾರ ಫೋನು ಬಂತು. ಚಿಕ್ಕಮ್ಮ ನಮಸ್ಕಾರವಿಲ್ಲ, ಹೇಗಿದ್ದೀರಿ ಇಲ್ಲ, ಮೂರು ಎಲೆ ಬಂದಿದೆ ಎಂದು ಹೇಳಿ ಇಟ್ಟರಂತೆ.

ಮಾಮಿ ತೀರಿಕೊಂಡು ಎರಡು ವರ್ಷ ಆಯಿತು. ಬೊಂಬಾಯಿ ದಾಸವಾಳ ಎಲ್ಲಿಯೂ ಸಿಕ್ಕಲಿಲ್ಲ, ಅದು ಇನ್ನು ಸಿಕ್ಕುವುದೂ ಇಲ್ಲ. ಅವರ ಬಾಲ್ಕನಿಯ ಕುಂಡಗಳು ವಿಜ್ಞಾನ ಟೀಚರಿನ ಆರೈಕೆಯಲ್ಲಿ ಆರೇ ತಿಂಗಳಿಗೆ ಒಣಗಿದವು. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ನನಗೆ ಈಗಲೂ ಗೊತ್ತಿಲ್ಲ. ಮೊನ್ನೆ ಬಟ್ಟೆ ಅಂಗಡಿಯ ಮೆಟ್ಟಿಲಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡವಳು ಮನೆಗೆ ಹೋಗಲಿಲ್ಲ, ಸುರತ್ಕಲ್ ಬಸ್ಸು ಹತ್ತಿದೆ.

ಅಂಗಳದಲ್ಲಿ ಈಗ ಕಾಲಿಡಲು ಜಾಗವಿಲ್ಲ. ಕೆಂಪು ದಾಸವಾಳ ಕಿಟಕಿ ದಾಟಿ ಹೋಗಿದೆ. ಬಂದವರಿಗೆಲ್ಲ ಚಿಕ್ಕಮ್ಮ ಬೇಡವೆಂದರೂ ಗೆಲ್ಲು ಕೊಟ್ಟು ಕಳಿಸುತ್ತಾರೆ, ಪೋಸ್ಟ್‌ಮ್ಯಾನಿಗೂ ಕೊಟ್ಟಿದ್ದಾರಂತೆ. ನನಗೆ ಮಾತ್ರ ಇಷ್ಟು ದಿನ ಕೊಟ್ಟಿರಲಿಲ್ಲ. ಯಾಕೆಂದು ಯೋಚಿಸಿದೆ. ನಾನಾಗಿ ಕೇಳಲಿ ಎಂದು ಕಾದಿದ್ದರೇನೋ, ನಾನು ಕೇಳಿಯೇ ಇರಲಿಲ್ಲ. ಅಷ್ಟು ಊರು, ಅಷ್ಟು ತೋಟ ತಿರುಗಿದವಳು, ನನಗೆಂದು ಒಬ್ಬರ ಎದುರು ನಿಂತು ಕೈಯೊಡ್ಡಿ ಕೇಳಿದವಳೇ ಅಲ್ಲ. ಚಿಕ್ಕಮ್ಮನ ಎದುರು ಹೋಗಿ ನಿಂತೆ.

"ಚಿಕ್ಕಮ್ಮ, ನನಗೆ ಒಂದು ಗೆಲ್ಲು ಕೊಡ್ತೀರಾ?"

ಅವರು ಒಂದು ಗೆಲ್ಲು ಕತ್ತರಿಸಿದರು. ಇರು, ಬಟ್ಟೆ ಒದ್ದೆ ಮಾಡಿ ಸುತ್ತಿ ತರ್ತೇನೆ ಎಂದು ಗೆಲ್ಲು ಹಿಡಿದುಕೊಂಡು ಬಚ್ಚಲಿಗೆ ಹೋದರು. ನಾನು ಚಾವಡಿಯಲ್ಲಿ ನಿಂತೆ. ಒಳಗೆ ನೀರಿನ ಸದ್ದು. ನನ್ನ ಹಾಳು ಬುದ್ಧಿ, ಆ ಸದ್ದು ಕೇಳಿ ನನಗೆ ಅರಿವಿಲ್ಲದೆ ಬಚ್ಚಲಿನ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದೆ.

"ತಣ್ಣೀರೇ ಮಾರಾಯ್ತಿ," ಎಂದರು ಚಿಕ್ಕಮ್ಮ ಒಳಗಿನಿಂದ.